ಹಳೆಯ ಕಾರ್ವೆಟ್ ಕಾರುಗಳ ಸ್ಟಿಯರಿಂಗ್ ದೋಷಗಳು: ಪರೀಕ್ಷೆಯ ಕ್ರಮ ಹಾಗೂ ವೆಚ್ಚದ ವಿಚಾರ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಷೆವರ್ಲೆ ಎಂಬ ಹೆಸರಿನಡಿ 1953ರಿಂದ ತಯಾರಿಸುತ್ತ ಬಂದಿರುವ ಕಾರ್ವೆಟ್, ಆ ದೇಶದ ಕ್ರೀಡಾ ಕಾರುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಇದರ ಎರಡನೆಯ ಹಾಗೂ ಮೂರನೆಯ ತಲೆಮಾರಿನ ಕಾರುಗಳು, ಅಂದರೆ 1963ರಿಂದ 1982ರವರೆಗಿನ ಮಾದರಿಗಳು, ಹೊರ ನೋಟಕ್ಕೆ ಪರಸ್ಪರ ಬಹಳ ಭಿನ್ನವಾಗಿ ಕಂಡರೂ ಅವುಗಳ ಅಡಿಗಟ್ಟಿನ ರಚನೆ ಮೂಲತಃ ಒಂದೇ ಆಗಿದೆ. 1968ರಲ್ಲಿ ಫೈಬರ್ ಗ್ಲಾಸಿನ ಕವಚ ಸಂಪೂರ್ಣ ಬದಲಾಯಿತಾದರೂ ಅದರ ಕೆಳಗಿನ ಸ್ಟಿಯರಿಂಗ್ ವ್ಯವಸ್ಥೆಯನ್ನು ಕಂಪನಿಯು ಹೆಚ್ಚು ಕಡಿಮೆ ಹಾಗೆಯೇ ಮುಂದುವರಿಸಿತು. ಈ ಇಪ್ಪತ್ತು ಮಾದರಿ ವರ್ಷಗಳಲ್ಲಿ ಒಟ್ಟು ಸುಮಾರು 6,60,000 ಕಾರುಗಳು ತಯಾರಾದವು. 1984ರ ಮಾದರಿಯಲ್ಲಿ ರ‍್ಯಾಕ್ ಅಂಡ್ ಪಿನಿಯನ್ ವ್ಯವಸ್ಥೆ ಬಂದಾಗ ಹಳೆಯ ವಿನ್ಯಾಸ ಕಾರ್ಖಾನೆಯಿಂದ ನಿವೃತ್ತವಾಯಿತು, ರಸ್ತೆಯಿಂದ ನಿವೃತ್ತವಾಗಲಿಲ್ಲ. ಉಳಿದಿರುವ ಕಾರುಗಳ ದುರಸ್ತಿಗಾಗಿ ಇಂದಿಗೂ ದೊಡ್ಡದೊಂದು ಬಿಡಿ ಭಾಗಗಳ ವ್ಯಾಪಾರ ನಡೆಯುತ್ತಿದೆ.

ಈ ಕಾರುಗಳ ಮಾಲೀಕರು ಹೇಳುವ ದೂರುಗಳಲ್ಲಿ ಸ್ಟಿಯರಿಂಗ್‌ಗೆ ಸಂಬಂಧಪಟ್ಟವು ಪ್ರಮುಖವಾಗಿವೆ. ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದ ತಕ್ಷಣ ಗಾಲಿಗಳು ತಿರುಗುವುದಿಲ್ಲ, ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಓಲಾಡುತ್ತದೆ, ನಿಲ್ಲಿಸಿದ ಜಾಗದಲ್ಲಿ ಕೆಂಪು ಅಥವಾ ತಿಳಿ ಕಂದು ದ್ರವದ ಕಲೆ ಬೀಳುತ್ತದೆ ಎಂಬುವು ಸಾಮಾನ್ಯ ದೂರುಗಳು. ಇಂತಹ ದೂರು ಬಂದಾಗ ವರ್ಕ್‌ಶಾಪುಗಳು ಮೊದಲು ಕೈಹಾಕುವುದು ಸ್ಟಿಯರಿಂಗ್ ಬಾಕ್ಸಿಗೆ. ಅದು ಇಡೀ ವ್ಯವಸ್ಥೆಯ ಹೃದಯ; ಬೆಲೆಯೂ ಅಧಿಕ. ಆದರೆ ವಾಸ್ತವದಲ್ಲಿ ದೋಷವು ಅನೇಕ ವೇಳೆ ಬಾಕ್ಸಿನಲ್ಲಿ ಇರುವುದೇ ಇಲ್ಲ. ಅದರ ಹಿಂದೆ ಅಥವಾ ಮುಂದೆ ಇರುವ ಅಲ್ಪ ಬೆಲೆಯ ಕೀಲುಗಳಲ್ಲಿ ಇರುತ್ತದೆ. ಇದಕ್ಕಿಂತ ಕಳವಳದ ಸಂಗತಿ ಎಂದರೆ, ಬೇರೆಡೆಯ ಸಡಿಲವನ್ನು ಹೋಗಲಾಡಿಸಲು ಬಾಕ್ಸಿನ ತಿರುಪನ್ನು ಬಿಗಿ ಮಾಡಿ, ಸುಸ್ಥಿತಿಯಲ್ಲಿದ್ದ ಬಾಕ್ಸನ್ನೇ ಹಾಳುಮಾಡುವ ಪ್ರಸಂಗಗಳು. ಅಲ್ಲಿಗೆ ನೂರರಲ್ಲಿ ಮುಗಿಯಬೇಕಾದ ವೆಚ್ಚ ಸಾವಿರಕ್ಕೆ ಏರುತ್ತದೆ, ಕಾರೂ ಅಪಾಯಕಾರಿಯಾಗುತ್ತದೆ.

ವ್ಯವಸ್ಥೆಯ ರಚನೆ

ಚಾಲಕನ ಕೈಯಿಂದ ಗಾಲಿಯವರೆಗಿನ ಮಾರ್ಗವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ. ಸ್ಟಿಯರಿಂಗ್ ಚಕ್ರದಿಂದ ಕಾಲಮ್ ಎಂಬ ಕಂಬದೊಳಗಿನ ದಂಡವು ಕೆಳಗಿಳಿದು ಒಂದು ಮೆದು ಜೋಡಣೆಯ ಮೂಲಕ ಸ್ಟಿಯರಿಂಗ್ ಬಾಕ್ಸನ್ನು ಸೇರುತ್ತದೆ. ಅಮೆರಿಕದ ಕಾರಾದುದರಿಂದ ಬಾಕ್ಸು ಎಡ ಬದಿಯಲ್ಲಿರುತ್ತದೆ. ಬಾಕ್ಸಿನಿಂದ ಹೊರಬರುವ ಪಿಟ್‌ಮನ್ ಆರ್ಮ್ ಎಂಬ ತೋಳು, ಅಡ್ಡಲಾಗಿ ಹಾಯ್ದಿರುವ ರಿಲೇ ರಾಡನ್ನು ಎಡಕ್ಕೂ ಬಲಕ್ಕೂ ಎಳೆಯುತ್ತದೆ. ರಿಲೇ ರಾಡಿನ ಬಲ ತುದಿಯನ್ನು ಐಡ್ಲರ್ ಆರ್ಮ್ ಎಂಬ ಮತ್ತೊಂದು ತೋಳು ಹೊತ್ತಿರುತ್ತದೆ. ಈ ರಾಡಿನಿಂದ ಎರಡೂ ಬದಿಗೆ ಒಂದೊಂದು ಟೈ ರಾಡ್ ಹೊರಟು ಗಾಲಿಯ ಸ್ಟಿಯರಿಂಗ್ ತೋಳಿಗೆ ಕೂಡುತ್ತದೆ. ಆ ತೋಳಿನಲ್ಲಿ ಎರಡು ರಂಧ್ರಗಳಿರುವುದು ಈ ಕಾರಿನ ಒಂದು ವಿಶೇಷ. ಟೈ ರಾಡನ್ನು ಒಂದು ರಂಧ್ರದಲ್ಲಿ ಜೋಡಿಸಿದರೆ ಈ ತುದಿಯಿಂದ ಆ ತುದಿಗೆ ಸ್ಟಿಯರಿಂಗ್ ಚಕ್ರವನ್ನು ಸುಮಾರು ಮೂರೂವರೆ ಸುತ್ತು ತಿರುಗಿಸಬೇಕು. ಇನ್ನೊಂದರಲ್ಲಿ ಜೋಡಿಸಿದರೆ ಸುಮಾರು ಮೂರು ಸುತ್ತು ಸಾಕು. ಹಳೆಯ ಕಾರನ್ನು ಕೊಳ್ಳುವಾಗ ಎಡ ಬಲ ಎರಡೂ ಕಡೆ ಒಂದೇ ರಂಧ್ರವನ್ನು ಬಳಸಲಾಗಿದೆಯೇ ಎಂದು ನೋಡಿಕೊಳ್ಳಬೇಕು.

1963ರಲ್ಲಿಯೇ ಪವರ್ ಸ್ಟಿಯರಿಂಗ್ ಸೌಲಭ್ಯವನ್ನು ಸುಮಾರು 75 ಡಾಲರುಗಳ ಹೆಚ್ಚುವರಿ ಬೆಲೆಗೆ ನೀಡಲಾಯಿತು. 1977ರಿಂದ ಅದು ಎಲ್ಲ ಕಾರುಗಳಿಗೂ ಬಂದಿತು. ಈ ಪವರ್ ಸ್ಟಿಯರಿಂಗಿನ ರಚನೆ ಇಂದಿನ ಕಾರುಗಳದ್ದರಂತಲ್ಲ. ಇಲ್ಲಿ ತೈಲದ ಒತ್ತಡ ಬಾಕ್ಸಿನೊಳಗೆ ಕೆಲಸ ಮಾಡುವುದಿಲ್ಲ. ಎಂಜಿನ್ನಿನ ಬೆಲ್ಟಿನಿಂದ ನಡೆಯುವ ಪಂಪು ತೈಲವನ್ನು ಒತ್ತಡದಿಂದ ಕಳುಹಿಸುತ್ತದೆ. ಪಿಟ್‌ಮನ್ ಆರ್ಮ್ ಮತ್ತು ರಿಲೇ ರಾಡುಗಳ ನಡುವೆ ಕೂಡಿಸಿರುವ ಕಂಟ್ರೋಲ್ ವಾಲ್ವ್ ಚಾಲಕನ ಕೈಯ ದಿಕ್ಕನ್ನು ಗ್ರಹಿಸಿ ತೈಲವನ್ನು ಒಂದು ಸಿಲಿಂಡರಿಗೆ ಹರಿಸುತ್ತದೆ. ಒಂದು ತುದಿ ಅಡಿಗಟ್ಟಿಗೂ ಇನ್ನೊಂದು ತುದಿ ರಿಲೇ ರಾಡಿಗೂ ಬಂಧಿಸಲ್ಪಟ್ಟ ಆ ಸಿಲಿಂಡರು ರಾಡನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ಅಂದರೆ ಬಾಕ್ಸು ಎರಡೂ ಬಗೆಯ ಕಾರುಗಳಲ್ಲಿ ಕೇವಲ ಯಾಂತ್ರಿಕವಾದುದು. ಪವರ್ ಎಂಬುದು ಅದರ ಹೊರಗೆ ಜೋಡಿಸಿದ ಸಹಾಯಕ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. ಪವರ್ ಸ್ಟಿಯರಿಂಗ್ ದ್ರವ ನೆಲಕ್ಕೆ ತೊಟ್ಟಿಕ್ಕುತ್ತಿದ್ದರೆ ಅದು ಬಾಕ್ಸಿನದ್ದಾಗಿರಲು ಸಾಧ್ಯವೇ ಇಲ್ಲ, ಏಕೆಂದರೆ ಬಾಕ್ಸಿನೊಳಗೆ ಇರುವುದು ಗ್ರೀಸು.

ಬಾಕ್ಸಿನ ಮೇಲೆ ಬರುವ ಅಪವಾದ

ಬಾಕ್ಸಿನೊಳಗೆ ಸುರುಳಿಯಾಕಾರದ ವರ್ಮ್ ದಂಡ, ಅದರ ಮೇಲೆ ಸರಿಯುವ ಒಂದು ನಟ್ಟು, ಅವೆರಡರ ನಡುವಿನ ಗಾಡಿಯಲ್ಲಿ ಉರುಳುತ್ತ ಸುತ್ತಿ ಬರುವ ಉಕ್ಕಿನ ಗುಂಡುಗಳು, ನಟ್ಟಿನ ಹಲ್ಲುಗಳಿಗೆ ಹೊಂದಿಕೊಂಡಿರುವ ಸೆಕ್ಟರ್ ಶಾಫ್ಟ್, ಇಷ್ಟು ಇರುತ್ತವೆ. ಗುಂಡುಗಳ ಮೇಲೆ ಉರುಳುವುದರಿಂದ ಘರ್ಷಣೆ ಅತ್ಯಲ್ಪ. ಗ್ರೀಸು ಒಣಗದೆ ಇದ್ದರೆ ಬಾಕ್ಸು ದೀರ್ಘಕಾಲ ಬಾಳುತ್ತದೆ.

ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ಹಲ್ಲುಗಳು ಸವೆಯುವುದು ಮುಖ್ಯವಾಗಿ ಮಧ್ಯಭಾಗದಲ್ಲಿ. ತಯಾರಕರು ಇದನ್ನು ಮುಂಗಂಡು, ನೇರ ಸ್ಥಿತಿಯಲ್ಲಿ ಹಲ್ಲುಗಳ ಕೂಟ ಬಿಗಿಯಾಗಿಯೂ ಎರಡು ಪಕ್ಕಗಳಲ್ಲಿ ಕೊಂಚ ಸಡಿಲವಾಗಿಯೂ ಇರುವಂತೆ ರಚಿಸಿದ್ದಾರೆ. ಸವೆತವನ್ನು ಸರಿಪಡಿಸಲು ಬಾಕ್ಸಿನ ಮೇಲೆ ಲಾಕ್ ನಟ್ಟಿನೊಡನೆ ಒಂದು ತಿರುಪನ್ನು ಇಟ್ಟಿದ್ದಾರೆ. ತೊಂದರೆ ಶುರುವಾಗುವುದು ಇಲ್ಲಿಯೇ. ತಿರುಪು ಕಣ್ಣಿಗೆ ಕಾಣುವಂತಿದೆ, ಕೈಗೆ ಸಿಗುವಂತಿದೆ. ಬಿಗಿ ಮಾಡಿದೊಡನೆ ಸ್ಟಿಯರಿಂಗ್ ಗಟ್ಟಿಯಾದಂತೆ ತೋರುತ್ತದೆ. ಆದರೆ ಮಧ್ಯದ ಸವೆತ ಮುಚ್ಚುವಷ್ಟು ಬಿಗಿದರೆ, ಸವೆಯದಿರುವ ಪಕ್ಕದ ಹಲ್ಲುಗಳು ಒಂದನ್ನೊಂದು ಅದುಮಿ ಹಿಡಿಯುತ್ತವೆ. ತಿರುವಿನಲ್ಲಿ ಸ್ಟಿಯರಿಂಗ್ ಚಕ್ರ ತಾನಾಗಿ ಹಿಂದಿರುಗುವುದು ನಿಲ್ಲುತ್ತದೆ. ವರ್ಮ್ ದಂಡದ ಗಾಡಿಯ ಮೇಲೆ ಗುಂಡುಗಳು ಕುಳಿ ಮೂಡಿಸುತ್ತವೆ. ಆ ನಂತರ ಬಾಕ್ಸು ನಿಜವಾಗಿಯೂ ಹಾಳಾಗಿರುತ್ತದೆ, ಅಪವಾದ ನಿಜವಾಗುತ್ತದೆ.

ಈ ಹೊಂದಾಣಿಕೆಗೆ ಸರಿಯಾದ ಕ್ರಮವಿದೆ. ಮೊದಲು ವರ್ಮ್ ದಂಡದ ಬೇರಿಂಗುಗಳ ಬಿಗಿಯನ್ನು, ತರುವಾಯ ಸೆಕ್ಟರಿನ ಬಿಗಿಯನ್ನು ಹೊಂದಿಸಬೇಕು. ಅದೂ ರಿಲೇ ರಾಡನ್ನು ಬಿಡಿಸಿ, ಬಾಕ್ಸನ್ನು ನಿಖರವಾಗಿ ಮಧ್ಯಸ್ಥಿತಿಗೆ ತಂದು, ತಿರುಗಿಸಲು ಬೇಕಾಗುವ ಬಲವನ್ನು ಅಳತೆಯ ಉಪಕರಣದಿಂದ ಅಳೆದು ಮಾಡತಕ್ಕ ಕೆಲಸ. ಕೆಲಸ ಮುಗಿದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲಿಯೂ ಹಿಡಿದುಕೊಳ್ಳದೆ ತಿರುಗಬೇಕು. ಕಾರಿನಲ್ಲಿ ಕೂಡಿಸಿರುವಾಗಲೇ ಕೇವಲ ಅಂದಾಜಿನಿಂದ ಅರ್ಧ ಸುತ್ತು ಬಿಗಿದುಬಿಡುವ ಪದ್ಧತಿಯನ್ನು ಯಾವ ಅನುಭವಿ ಮೆಕ್ಯಾನಿಕ್ಕೂ ಒಪ್ಪಲಾರನು. ಬಾಕ್ಸನ್ನು ಅಡಿಗಟ್ಟಿಗೆ ಹಿಡಿದಿರುವ ಬೋಲ್ಟುಗಳು ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುವುದುಂಟು. ಅವುಗಳ ಪರೀಕ್ಷೆಗೆ ಖರ್ಚೇ ಇಲ್ಲ.

ಚಿಂದಿಯ ಕೀಲು

ಕಾಲಮ್ಮಿನ ದಂಡವನ್ನು ಬಾಕ್ಸಿಗೆ ಸೇರಿಸುವ ಮೆದು ಜೋಡಣೆಗೆ ಅಮೆರಿಕದ ಗ್ಯಾರೇಜುಗಳಲ್ಲಿ ‘ರ‍್ಯಾಗ್ ಜಾಯಿಂಟ್’ ಎಂದು ಹೆಸರು. ರ‍್ಯಾಗ್ ಎಂದರೆ ಚಿಂದಿ ಬಟ್ಟೆ. ಬಟ್ಟೆಯ ಪದರಗಳನ್ನು ರಬ್ಬರಿನಲ್ಲಿ ಅದ್ದಿ ಮಾಡಿದ ಈ ಬಿಲ್ಲೆಯು ರಸ್ತೆಯ ಕಂಪನ ಚಾಲಕನ ಕೈಗೆ ತಲುಪದಂತೆ ತಡೆಯುತ್ತದೆ. ಎಂಜಿನ್ನಿನ ಶಾಖ, ಸೋರುವ ಎಣ್ಣೆ, ಹಾಗೂ ವಯಸ್ಸು ಇವು ಮೂರೂ ಸೇರಿ ಅದನ್ನು ಮೆತ್ತಗಾಗಿಸಿ ಹರಿಯುತ್ತವೆ. ಆಗ ಸ್ಟಿಯರಿಂಗ್ ಚಕ್ರ ಒಂದಿಷ್ಟು ತಿರುಗಿದ ಮೇಲೆಯೇ ಬಾಕ್ಸಿಗೆ ಸುದ್ದಿ ಮುಟ್ಟುತ್ತದೆ.

ಬಿಲ್ಲೆ ಪೂರ್ಣ ಹರಿದರೂ ಸಂಪರ್ಕ ತಪ್ಪದಂತೆ ಎರಡು ಲೋಹದ ಮೊಳೆಗಳನ್ನು ಕಂಡಿಗಳಲ್ಲಿ ಇಟ್ಟಿರುವುದು ತಯಾರಕರ ವಿವೇಕ. ಆ ಮೊಳೆಗಳು ಕಂಡಿಯ ಅಂಚಿಗೆ ತಾಗಿ ತಾಗಿ ಹೊಳಪು ಬಂದಿದ್ದರೆ ಬಿಲ್ಲೆಯ ಆಯುಷ್ಯ ತೀರಿದೆ ಎಂದು ಅರ್ಥ. ಇನ್ನೊಂದು ಸೂಚನೆ ವಿಚಿತ್ರವಾದುದು: ಹಾರ್ನ್ ಬಡಿಯುವುದು ನಿಲ್ಲುತ್ತದೆ. ಹಾರ್ನಿನ ವಿದ್ಯುತ್ ಮಂಡಲ ಈ ಜೋಡಣೆಯ ಮೂಲಕವೇ ಅಡಿಗಟ್ಟಿಗೆ ಸೇರುವುದರಿಂದ, ರಬ್ಬರಿನ ಬಿಲ್ಲೆಯನ್ನು ದಾಟಲು ಇಟ್ಟಿರುವ ಲೋಹದ ಸಂಪರ್ಕ ಕಡಿದರೆ ಹಾರ್ನ್ ಮೂಕವಾಗುತ್ತದೆ. ಹಾರ್ನ್ ದುರಸ್ತಿಗೆಂದು ಬಂದ ಕಾರಿನಲ್ಲಿ ಸ್ಟಿಯರಿಂಗ್ ದೋಷ ಪತ್ತೆಯಾಗುವುದು ಹೀಗೆ. ಬಿಲ್ಲೆಯ ಬೆಲೆ ಬಾಕ್ಸಿನ ಬೆಲೆಯ ಮುಂದೆ ನಗಣ್ಯ. ಬದಲಾಯಿಸುವ ಕೂಲಿಯೇ ಅದಕ್ಕಿಂತ ಹೆಚ್ಚು.

ಕಾಲಮ್ಮಿನ ವಿಷಯದಲ್ಲಿ ಎರಡು ಮಾತು ಸಾಕು. 1967ರ ಮಾದರಿಯಿಂದ ಅಪಘಾತದಲ್ಲಿ ಕುಸಿದು ಚಾಲಕನ ಎದೆಯನ್ನು ರಕ್ಷಿಸುವ ಕಾಲಮ್ ಬಂದಿತು. ಅದರೊಳಗಿನ ಪ್ಲಾಸ್ಟಿಕ್ ಮೊಳೆಗಳು ಸುತ್ತಿಗೆಯ ಏಟಿಗೆ ಮುರಿಯುತ್ತವೆಯಾದುದರಿಂದ ದಂಡವನ್ನು ಹೊಡೆದು ಬಿಡಿಸುವ ಕೆಲಸವನ್ನು ಎಂದಿಗೂ ಮಾಡಕೂಡದು. ಮೇಲೆ ಕೆಳಗೆ ವಾಲಿಸಬಹುದಾದ ಕಾಲಮ್ ಇರುವ ಕಾರುಗಳಲ್ಲಿ ಒಳಗಿನ ತಿರುಪುಗಳು ಸಡಿಲಗೊಂಡು ಸ್ಟಿಯರಿಂಗ್ ಚಕ್ರವೇ ಅಲುಗಾಡುತ್ತದೆ. ಇದನ್ನು ಗಾಲಿಗಳ ಸಡಿಲವೆಂದು ತಿಳಿಯಬಾರದು.

ಕೀಲುಗಳ ಪರೀಕ್ಷೆ

ರಿಲೇ ರಾಡಿಗೆ ಹಾಗೂ ಗಾಲಿಯ ತೋಳುಗಳಿಗೆ ಸೇರುವ ಕಡೆಗಳಲ್ಲಿ ಒಟ್ಟು ನಾಲ್ಕು ಟೈ ರಾಡ್ ತುದಿಗಳು, ಐಡ್ಲರ್ ಆರ್ಮಿನ ಕೀಲುಗಳು, ಪಿಟ್‌ಮನ್ ಆರ್ಮಿನ ಗುಂಡು ಕೀಲು, ಇಷ್ಟನ್ನು ಒಟ್ಟಾಗಿ ನೋಡಬೇಕು. ಪ್ರತಿಯೊಂದರಲ್ಲಿಯೂ ಕೂದಲೆಳೆಯಷ್ಟು ಸಡಿಲ ಇದ್ದರೂ, ಅವು ಕೂಡಿ ಸ್ಟಿಯರಿಂಗ್ ಚಕ್ರದ ಅಂಚಿನಲ್ಲಿ ಎರಡು ಇಂಚಿನ ‘ಪ್ಲೇ’ ಆಗಿ ತೋರುತ್ತದೆ. ಸಣ್ಣ ಸಣ್ಣ ಸೋರಿಕೆಗಳ ಮೊತ್ತ ವರ್ಷಾಂತ್ಯದ ಲೆಕ್ಕದಲ್ಲಿ ಕಾಣುವಂತೆಯೇ ಇದು. ರಬ್ಬರಿನ ಟೋಪಿ ಹರಿದು, ಗ್ರೀಸು ತೊಳೆದುಹೋಗಿ, ದೂಳು ಸೇರಿಕೊಳ್ಳುವುದು ಈ ಸವೆತಕ್ಕೆ ಮುಖ್ಯ ಕಾರಣ. ವರ್ಷದಲ್ಲಿ ಕೆಲವೇ ನೂರು ಮೈಲಿ ಓಡುವ ಸಂಗ್ರಾಹಕರ ಕಾರುಗಳಲ್ಲಿಯೂ ರಬ್ಬರು ವಯಸ್ಸಿನಿಂದಲೇ ಒಡೆಯುತ್ತದೆ. ಓಡಿದ ಮೈಲಿಯ ಅಂಕಿಯನ್ನು ನೋಡಿ ಸಮಾಧಾನಪಡುವಂತಿಲ್ಲ.

ಪರೀಕ್ಷೆಗೆ ಇಬ್ಬರು ಬೇಕು. ಕಾರು ತನ್ನ ಗಾಲಿಗಳ ಮೇಲೆಯೇ ಭದ್ರವಾದ ರ‍್ಯಾಂಪಿನ ಮೇಲೆ ನಿಂತಿರಬೇಕು. ಒಬ್ಬನು ಸ್ಟಿಯರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ಕೆಲವೇ ಇಂಚು ಆಡಿಸುತ್ತಿರುವಾಗ ಇನ್ನೊಬ್ಬನು ಕೆಳಗಿನಿಂದ ಪ್ರತಿ ಕೀಲಿನ ಮೇಲೆ ಕೈಯಿಟ್ಟು, ಒಂದು ಭಾಗ ಚಲಿಸಿದಾಗ ಮುಂದಿನ ಭಾಗ ಅದೇ ಕ್ಷಣದಲ್ಲಿ ಚಲಿಸುತ್ತದೆಯೇ ಎಂದು ನೋಡುತ್ತಾ ಹೋಗಬೇಕು. ಚಲನೆ ಎಲ್ಲಿ ತಡವಾಗುತ್ತದೆಯೋ ಅಲ್ಲಿ ದೋಷವಿದೆ. ಪವರ್ ಸ್ಟಿಯರಿಂಗ್ ಇರುವ ಕಾರಿನಲ್ಲಿ ಈ ಪರೀಕ್ಷೆಯನ್ನು ಎಂಜಿನ್ ನಡೆಯುತ್ತಿರುವಾಗ ಮಾಡುವುದು ಲೇಸು. ಕಂಟ್ರೋಲ್ ವಾಲ್ವಿಗೆ ಸ್ವಭಾವತಃ ಸ್ವಲ್ಪ ಚಲನೆ ಇರುವುದರಿಂದ, ಎಂಜಿನ್ ನಿಂತಿರುವಾಗ ಅದನ್ನೇ ಸವೆತವೆಂದು ಭಾವಿಸುವ ಸಂಭವವಿದೆ. ತರುವಾಯ ಗಾಲಿಯನ್ನು ಮೇಲೆತ್ತಿ, ಎರಡು ಪಕ್ಕಗಳಲ್ಲಿ ಹಿಡಿದು ಅಲುಗಿಸಿದರೆ ಟೈ ರಾಡಿನ ಸಡಿಲವೂ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟ್ ಅಥವಾ ಗಾಲಿಯ ಬೇರಿಂಗಿನ ಸಡಿಲವೂ ತಿಳಿಯುತ್ತದೆ.

ಟೈ ರಾಡಿನ ತುದಿ ಕಳಚಿದರೆ ಆ ಬದಿಯ ಗಾಲಿಯ ಮೇಲೆ ಚಾಲಕನಿಗೆ ಯಾವ ಹಿಡಿತವೂ ಉಳಿಯುವುದಿಲ್ಲ. ಈ ಇಡೀ ವ್ಯವಸ್ಥೆಯಲ್ಲಿ ಪ್ರಾಣಾಪಾಯದ ದೋಷವೆಂದು ಮೊದಲು ಹೇಳಬೇಕಾದುದು ಇದನ್ನೇ. ಆದುದರಿಂದ ಒಂದು ತುದಿ ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಅಮೆರಿಕದ ವರ್ಕ್‌ಶಾಪುಗಳಲ್ಲಿ ಸಾಮಾನ್ಯ. ಹೇಗೂ ಗಾಲಿಗಳ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಲೇಬೇಕಾಗುವುದರಿಂದ ಆ ಖರ್ಚು ಎರಡು ಬಾರಿ ಬೀಳುವುದಿಲ್ಲ. ನಟ್ಟುಗಳಿಗೆ ಹೊಸ ಕಾಟರ್ ಪಿನ್ ಹಾಕುವುದನ್ನು ಉಳಿತಾಯದ ಬಾಬ್ತೆಂದು ಎಣಿಸುವಂತಿಲ್ಲ.

ಸೋರುವ ವಾಲ್ವ್

ಪವರ್ ಸ್ಟಿಯರಿಂಗ್ ಇರುವ ಕಾರುಗಳ ಅತಿ ಪ್ರಸಿದ್ಧ ದೋಷವೆಂದರೆ ಸೋರಿಕೆ. ಅದು ಪಂಪಿನಿಂದಲೂ, ನಾಲ್ಕು ಕೊಳವೆಗಳಲ್ಲಿ ಯಾವುದಾದರೊಂದರಿಂದಲೂ, ಸಿಲಿಂಡರಿನ ದಂಡದ ಸೀಲಿನಿಂದಲೂ ಬರಬಹುದು. ಆದರೆ ಹೆಚ್ಚಿನ ಅಪಕೀರ್ತಿ ಕಂಟ್ರೋಲ್ ವಾಲ್ವಿಗೆ ಸೇರಿದೆ. ಗಾಲಿಯ ಹತ್ತಿರ ತಗ್ಗಿನಲ್ಲಿ, ರಸ್ತೆಯ ದೂಳು ನೀರುಗಳ ಮಧ್ಯೆ, ಸದಾ ಚಲಿಸುತ್ತಿರುವ ರಾಡಿನ ಮೇಲೆ ಕುಳಿತ ಈ ಭಾಗದಲ್ಲಿ ರಬ್ಬರಿನ ಸೀಲುಗಳು ಬಹುಕಾಲ ಬಾಳುವುದು ಕಷ್ಟ. ಗುಂಡು ಕೀಲಿನ ಸುತ್ತಲಿನ ಸೀಲು ಹೋದರೆ ತೈಲವು ಪಿಟ್‌ಮನ್ ಆರ್ಮಿನ ಕೆಳಗೆ ತೊಟ್ಟಿಕ್ಕುತ್ತದೆ. ಅಲ್ಲಿಂದ ಗಾಳಿಗೆ ಹಿಂದಕ್ಕೆ ಹರಡಿ ಇಡೀ ಅಡಿಗಟ್ಟನ್ನು ನೆನೆಸುವುದರಿಂದ ಮೂಲ ಕಂಡುಹಿಡಿಯುವುದು ಸುಲಭವಲ್ಲ. ಎಲ್ಲವನ್ನೂ ತೊಳೆದು, ಒಣಗಿಸಿ, ಎಂಜಿನ್ ನಡೆಸಿ, ಕಾಗದವನ್ನು ಒಂದೊಂದು ಜೋಡಣೆಗೂ ಮುಟ್ಟಿಸಿ ನೋಡುವುದೇ ನಂಬಲರ್ಹ ವಿಧಾನ. ಇದನ್ನು ಮಾಡದೆ ಮೊದಲು ಪಂಪು, ಅನಂತರ ಕೊಳವೆ, ಅನಂತರ ಸಿಲಿಂಡರು ಎಂದು ಒಂದೊಂದಾಗಿ ಕೊಂಡು ಹಾಕಿಸಿದ ಮಾಲೀಕರಿಗೆ ಕೊನೆಯಲ್ಲಿ ಇಡೀ ವ್ಯವಸ್ಥೆ ಹೊಸದಾಗಿರುತ್ತದೆ, ಸೋರಿಕೆ ಮಾತ್ರ ಹಳೆಯದೇ.

ಸೋರಿಕೆಯಿಂದ ತೈಲದ ಮಟ್ಟ ಇಳಿದರೆ ಪಂಪು ಗಾಳಿಯನ್ನು ಎಳೆದು ನರಳುವ ಸದ್ದು ಮಾಡುತ್ತದೆ ಮತ್ತು ಬೇಗ ಸವೆಯುತ್ತದೆ. ಒತ್ತಡದ ಕೊಳವೆ ಒಡೆದು ತೈಲವು ಬಿಸಿಯಾದ ಹೊಗೆ ಕೊಳವೆಯ ಮೇಲೆ ಸಿಡಿದರೆ ಬೆಂಕಿಯ ಭಯವೂ ಇದೆ. ಕವಚ ಫೈಬರ್ ಗ್ಲಾಸಿನದೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಪವರ್ ಸಹಾಯ ಪೂರ್ತಿ ನಿಂತುಹೋದರೂ ಯಾಂತ್ರಿಕ ಸಂಪರ್ಕ ಉಳಿದಿರುವುದರಿಂದ ಕಾರನ್ನು ತಿರುಗಿಸಬಹುದು, ಆದರೆ ಹಠಾತ್ತನೆ ಬಹಳ ಭಾರವಾಗುತ್ತದೆ.

ವಾಲ್ವಿನ ಇನ್ನೊಂದು ದೋಷ ಸೋರಿಕೆಗಿಂತ ಸೂಕ್ಷ್ಮವಾದುದು. ವಾಲ್ವಿನ ತುದಿಯ ಮುಚ್ಚಳದ ಕೆಳಗೆ ಒಂದು ನಟ್ಟು ಇದೆ. ಎಡ ಬಲಗಳ ತೈಲದ ಹರಿವನ್ನು ಅದು ಸಮತೋಲದಲ್ಲಿ ಇಡುತ್ತದೆ. ಸಮತೋಲ ತಪ್ಪಿದರೆ ಎಂಜಿನ್ ಚಾಲೂ ಮಾಡಿದೊಡನೆ ಸ್ಟಿಯರಿಂಗ್ ಚಕ್ರ ತನ್ನಷ್ಟಕ್ಕೆ ತಾನೇ ಒಂದು ಕಡೆಗೆ ತಿರುಗುತ್ತದೆ, ಇಲ್ಲವೇ ರಸ್ತೆಯಲ್ಲಿ ಕಾರು ಒಂದೇ ಬದಿಗೆ ಎಳೆಯುತ್ತದೆ. ಮಾಲೀಕರು ಇದನ್ನು ಅಲೈನ್‌ಮೆಂಟಿನ ದೋಷವೆಂದು ತಿಳಿದು ಪದೇ ಪದೇ ಹಣ ತೆರುತ್ತಾರೆ. ವಾಸ್ತವವಾಗಿ ಇದಕ್ಕೆ ಬೇಕಾದುದು ಕೆಲವು ನಿಮಿಷಗಳ ಕೆಲಸ. ಮುಂದಿನ ಗಾಲಿಗಳನ್ನು ಮೇಲೆತ್ತಿ, ಸಿಲಿಂಡರಿನ ದಂಡವನ್ನು ಅಡಿಗಟ್ಟಿನಿಂದ ಬಿಡಿಸಿ, ಎಂಜಿನ್ ನಡೆಸಿದರೆ ದಂಡವು ಹೊರಕ್ಕೆ ಅಥವಾ ಒಳಕ್ಕೆ ಸರಿಯುತ್ತದೆ. ದಂಡದ ದಿಕ್ಕು ಬದಲಾಗುವವರೆಗೆ ನಟ್ಟನ್ನು ತಿರುಗಿಸಿ, ಮತ್ತೆ ಎದುರು ದಿಕ್ಕಿಗೆ ಬದಲಾಗುವವರೆಗೆ ತಿರುಗಿಸಿ, ಈ ಎರಡರ ನಡುವಿನ ಅಂತರದ ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿದರೆ ಸಮತೋಲ ಸಿದ್ಧಿಸುತ್ತದೆ. ದಂಡವನ್ನು ಬಿಡಿಸದೆ ಈ ಕೆಲಸಕ್ಕೆ ಹೊರಟರೆ ಗಾಲಿಗಳು ಒಮ್ಮೆಗೇ ರಭಸದಿಂದ ತಿರುಗಿ ಕೈಗೆ ಪೆಟ್ಟಾಗಬಹುದು. ಹೊಸ ವಾಲ್ವನ್ನಾಗಲಿ, ಸೀಲು ಬದಲಿಸಿದ ವಾಲ್ವನ್ನಾಗಲಿ ಜೋಡಿಸಿದ ಪ್ರತಿ ಸಲವೂ ಇದನ್ನು ಮಾಡಬೇಕು. ಇದನ್ನು ಬಿಟ್ಟುಬಿಟ್ಟು ‘ಹೊಸ ವಾಲ್ವೂ ಸರಿಯಿಲ್ಲ’ ಎಂದು ಮಾರಾಟಗಾರನಿಗೆ ಹಿಂದಿರುಗಿಸುವವರೂ ಇದ್ದಾರೆ.

ಹಿಂಬದಿಯಿಂದ ಬರುವ ದೋಷ

ಮುಂದಿನ ಎಲ್ಲ ಕೀಲುಗಳೂ ಸರಿಯಿದ್ದು, ಆದರೂ ಕಾರು ಓಲಾಡುತ್ತಿದ್ದರೆ ಹಿಂದಿನ ಗಾಲಿಗಳ ಕಡೆ ನೋಡಬೇಕು. 1963ರಿಂದ ಕಾರ್ವೆಟ್ಟಿನ ಹಿಂದಿನ ಗಾಲಿಗಳು ಪರಸ್ಪರ ಸ್ವತಂತ್ರವಾಗಿ ಚಲಿಸುತ್ತವೆ. ಪ್ರತಿ ಗಾಲಿಯನ್ನು ಒಂದು ಟ್ರೇಲಿಂಗ್ ಆರ್ಮ್ ಹಿಡಿದಿದ್ದು, ಅದರ ಮುಂದಿನ ತುದಿ ರಬ್ಬರ್ ಬುಷ್‌ನ ಮೇಲೆ ನಿಂತಿದೆ. ತೆಳು ಲೋಹದ ಶಿಮ್‌ಗಳನ್ನು ತುಂಬಿ ಗಾಲಿಯ ದಿಕ್ಕನ್ನು ಹೊಂದಿಸಲಾಗುತ್ತದೆ. ಬುಷ್ ಸವೆದರೆ ಅಥವಾ ಶಿಮ್‌ಗಳು ತುಕ್ಕು ಹಿಡಿದು ಉದುರಿದರೆ, ವೇಗ ಹೆಚ್ಚಿಸಿದಾಗ ಹಾಗೂ ತಗ್ಗಿಸಿದಾಗ ಹಿಂದಿನ ಗಾಲಿ ತನ್ನ ದಿಕ್ಕನ್ನು ತಾನೇ ಬದಲಿಸುತ್ತದೆ. ಚಾಲಕನಿಗೆ ಇದು ಸ್ಟಿಯರಿಂಗಿನ ದೋಷವಾಗಿಯೇ ಅನುಭವಕ್ಕೆ ಬರುತ್ತದೆ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದಾಗಲೆಲ್ಲ ಕಾರು ಒಂದು ಕಡೆಗೆ ಸರಿದರೆ ಸಂಶಯ ಹಿಂಬದಿಯ ಮೇಲೆ ಇರತಕ್ಕದ್ದು. ಅಲೈನ್‌ಮೆಂಟ್ ಮಾಡಿಸುವಾಗ ನಾಲ್ಕೂ ಗಾಲಿಗಳದ್ದನ್ನು ಮಾಡಿಸಬೇಕೆಂದು ಹೇಳುವುದು ಈ ಕಾರಣಕ್ಕಾಗಿ.

ದುರಸ್ತಿಯೋ, ವಿನಿಮಯವೋ, ಪರಿವರ್ತನೆಯೋ

ವೆಚ್ಚದ ದೃಷ್ಟಿಯಿಂದ ಮಾಲೀಕನ ಮುಂದೆ ಮೂರು ಮಾರ್ಗಗಳಿವೆ. ಸೀಲುಗಳ ಕಿಟ್ ಕೊಂಡು ಹಳೆಯ ವಾಲ್ವನ್ನೇ ಬಿಚ್ಚಿ ಸರಿಪಡಿಸುವುದು ಅತಿ ಅಗ್ಗ. ಆದರೆ ಒಳಗಿನ ಲೋಹದ ಮೇಲೆ ಗೀರು ಬಿದ್ದಿದ್ದರೆ ಹೊಸ ಸೀಲೂ ಬಾಳುವುದಿಲ್ಲ. ಎರಡನೆಯದು ವಿನಿಮಯ ಪದ್ಧತಿ. ಮರುನಿರ್ಮಿತ ವಾಲ್ವನ್ನು ಅಥವಾ ಬಾಕ್ಸನ್ನು ಕೊಡುವಾಗ ಮಾರಾಟಗಾರನು ಬೆಲೆಯೊಡನೆ ‘ಕೋರ್ ಚಾರ್ಜ್’ ಎಂಬ ಠೇವಣಿಯನ್ನು ಹಿಡಿಯುತ್ತಾನೆ. ಹಳೆಯ ಭಾಗ ಹಿಂದಿರುಗಿದ ಮೇಲೆ ಠೇವಣಿ ಮರಳುತ್ತದೆ. ಮೂಲ ಎರಕದ ಭಾಗಗಳು ಮತ್ತೆ ತಯಾರಾಗುವುದಿಲ್ಲವಾದುದರಿಂದ ಹಳೆಯ ಭಾಗವೇ ಈ ವ್ಯಾಪಾರದ ಕಚ್ಚಾ ಮಾಲು. ಮರುನಿರ್ಮಾಪಕನ ಲೆಕ್ಕಪತ್ರದಲ್ಲಿ ಹಿಂದಿರುಗಿಸಬೇಕಾದ ಠೇವಣಿ ಆದಾಯವಲ್ಲ, ಹೊಣೆ. ಗಡುವು ಮೀರಿ ಭಾಗ ಬಾರದೆ ಹೋದಾಗ ಮಾತ್ರ ಅದರ ಸ್ವರೂಪ ಬದಲಾಗುತ್ತದೆ. ಯಂತ್ರದ ಬಿಡಿ ಭಾಗಗಳನ್ನು ವಿನಿಮಯದ ಮೇಲೆ ಮಾರುವ ನಮ್ಮ ವ್ಯಾಪಾರಿಗಳಲ್ಲಿ ಈ ವ್ಯತ್ಯಾಸವನ್ನು ಪುಸ್ತಕದಲ್ಲಿ ಸರಿಯಾಗಿ ತೋರಿಸುವವರು ವಿರಳ.

ಮೂರನೆಯದು ಪರಿವರ್ತನೆ. ಬೋರ್ಗೆಸನ್ ಮುಂತಾದ ಅಮೆರಿಕದ ತಯಾರಕರು ಪವರ್ ಸಹಾಯ ಒಳಗೇ ಅಡಕವಾಗಿರುವ ಬಾಕ್ಸನ್ನು ಈ ಕಾರುಗಳಿಗೆಂದೇ ತಯಾರಿಸುತ್ತಾರೆ. ರ‍್ಯಾಕ್ ಅಂಡ್ ಪಿನಿಯನ್ ಕಿಟ್‌ಗಳೂ ದೊರೆಯುತ್ತವೆ. ಸೋರುವ ವಾಲ್ವೂ, ಹೊರಗಿನ ಸಿಲಿಂಡರೂ, ಅವುಗಳ ಕೊಳವೆಗಳೂ ಇದರಿಂದ ತೊಲಗುತ್ತವೆ. ಪ್ರತಿನಿತ್ಯ ಓಡಿಸುವ ಕಾರಿಗೆ ಇದು ವಿವೇಕದ ಆಯ್ಕೆ ಎನ್ನಬಹುದು. ಆದರೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಮೂಲ ಸ್ಥಿತಿಗೆ ಬೆಲೆ ಇದೆ. 1974ರಲ್ಲಿ ಸ್ಥಾಪಿತವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯ ಪರಿಶೀಲನೆಯಲ್ಲಿ ಕಾರ್ಖಾನೆಯಿಂದ ಹೊರಬಂದ ಸ್ಥಿತಿಯೇ ಮಾನದಂಡ. ಆದುದರಿಂದ ಬಿಚ್ಚಿದ ಭಾಗಗಳನ್ನು ಹೆಸರು ಬರೆದು ಕಟ್ಟಿ, ಕಾರಿನೊಡನೆಯೇ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ವಿನಿಮಯದ ಠೇವಣಿಯ ಆಸೆಗೆ ಕಾರಿನ ಮೂಲ ಬಾಕ್ಸನ್ನೇ ಕಳೆದುಕೊಂಡವನು ಮಾರಾಟದ ವೇಳೆ ಅದರ ಹಲವು ಪಟ್ಟು ಕಳೆದುಕೊಳ್ಳುವ ಸಂಭವವಿದೆ.

ತಯಾರಕರಿಗೆ ಸಂಬಂಧಿಸಿದ ಅಂಶಗಳು

ಈ ಸ್ಟಿಯರಿಂಗ್ ಬಾಕ್ಸನ್ನು ರೂಪಿಸಿದ್ದು ಮಿಷಿಗನ್ ರಾಜ್ಯದ ಸ್ಯಾಗಿನಾ ಪಟ್ಟಣದಲ್ಲಿದ್ದ, ಜನರಲ್ ಮೋಟಾರ್ಸಿನದೇ ಆದ ಸ್ಟಿಯರಿಂಗ್ ವಿಭಾಗ. 1906ರಷ್ಟು ಹಿಂದಿನ ಮೂಲ ಹೊಂದಿದ ಈ ವಿಭಾಗ 1999ರಲ್ಲಿ ಡೆಲ್ಫಿ ಸಂಸ್ಥೆಯ ಭಾಗವಾಗಿ ಬೇರ್ಪಟ್ಟಿತು. 2005ರಲ್ಲಿ ಡೆಲ್ಫಿ ದಿವಾಳಿ ರಕ್ಷಣೆ ಕೋರಿದ ಬಳಿಕ, 2009ರಲ್ಲಿ ಜನರಲ್ ಮೋಟಾರ್ಸ್ ಅದನ್ನು ಹಿಂದಕ್ಕೆ ಪಡೆದು, 2010ರಲ್ಲಿ ಚೀನಾದ ಹೂಡಿಕೆದಾರರಿಗೆ ಮಾರಿತು. ನೆಕ್ಸ್ಟಿಯರ್ ಎಂಬ ಹೊಸ ಹೆಸರಿನ ಈ ಸಂಸ್ಥೆಯ ಷೇರುಗಳು 2013ರಿಂದ ಹಾಂಗ್‌ಕಾಂಗ್ ವಿನಿಮಯ ಕೇಂದ್ರದಲ್ಲಿವೆ. ಅದರ ಭಾರತೀಯ ಘಟಕಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಆದರೆ ಅಲ್ಲಿನ ಉತ್ಪಾದನೆ ಇಂದಿನ ಕಾರುಗಳಿಗಾಗಿ. ಅರವತ್ತು ವರ್ಷ ಹಳೆಯ ಕಾರಿನ ಐಡ್ಲರ್ ಆರ್ಮು, ಟೈ ರಾಡ್ ತುದಿ, ರಬ್ಬರ್ ಟೋಪಿ, ಸೀಲುಗಳು ದೊಡ್ಡ ಕಾರ್ಖಾನೆಗೆ ಲಾಭದಾಯಕವಲ್ಲದಷ್ಟು ಕಡಿಮೆ ಸಂಖ್ಯೆಯವು. ಸಣ್ಣ ಘಟಕಗಳಿಗೆ ಅವಕಾಶ ದೊರೆಯುವುದು ಇಂತಹ ಕಡೆಯೇ.

ಅವಕಾಶದೊಡನೆ ಹೊಣೆಯೂ ಇದೆ. ಸ್ಟಿಯರಿಂಗ್ ಭಾಗವು ಸುರಕ್ಷತೆಗೆ ಸಂಬಂಧಿಸಿದ್ದು. ಅದರ ವಿಫಲತೆಯಿಂದ ಅಪಘಾತ ಸಂಭವಿಸಿದರೆ ಅಮೆರಿಕದ ನ್ಯಾಯಾಲಯಗಳಲ್ಲಿ ಉತ್ಪನ್ನ ಹೊಣೆಗಾರಿಕೆಯ ದಾವೆ ತಯಾರಕನವರೆಗೂ ಬರಬಹುದು. ಆದುದರಿಂದ ಅಲ್ಲಿನ ಖರೀದಿದಾರರು ಉತ್ಪನ್ನ ಹೊಣೆಗಾರಿಕೆ ವಿಮೆಯನ್ನು ಕೇಳುವುದು ಸಹಜ. ವಿಮಾ ಕಂತನ್ನು ಬೆಲೆಯಲ್ಲಿ ಸೇರಿಸದೆ ಆದೇಶ ಒಪ್ಪಿಕೊಳ್ಳುವುದು ನಷ್ಟಕ್ಕೆ ದಾರಿ. ಉಕ್ಕಿನ ಮೂಲ, ಉಷ್ಣೋಪಚಾರ, ಗಡಸುತನದ ಪರೀಕ್ಷೆ ಇವುಗಳ ದಾಖಲೆಯನ್ನು ಪ್ರತಿ ಬ್ಯಾಚಿಗೂ ಪ್ರತ್ಯೇಕವಾಗಿ ಇಡುವುದು ದಾವೆ ಬಂದಾಗ ಏಕೈಕ ಆಸರೆ.

ಸುಂಕದ ವರ್ಗೀಕರಣದಲ್ಲಿಯೂ ಎಚ್ಚರ ಅಗತ್ಯ. ಸ್ಟಿಯರಿಂಗ್ ಚಕ್ರ, ಕಾಲಮ್, ಬಾಕ್ಸ್ ಮತ್ತು ಅವುಗಳ ಭಾಗಗಳು 8708.94ರ ಅಡಿಯಲ್ಲಿ ಬರುತ್ತವೆ. ಆದರೆ ಮೆದು ರಬ್ಬರಿನ ಸೀಲುಗಳು ವಾಹನಕ್ಕೆಂದೇ ಮಾಡಿದ್ದಾದರೂ ವಾಹನ ಭಾಗಗಳ ವರ್ಗಕ್ಕೆ ಸೇರದೆ 4016ಕ್ಕೆ ಹೋಗುತ್ತವೆ. ಭಿನ್ನ ವಸ್ತುಗಳ ಗ್ಯಾಸ್ಕೆಟ್‌ಗಳನ್ನು ಒಂದೇ ಚೀಲದಲ್ಲಿ ಕಟ್ಟಿದ ಸೆಟ್‌ಗಳಿಗೆ 8484 ಎಂಬ ಬೇರೊಂದು ಶೀರ್ಷಿಕೆಯೇ ಇದೆ. ವಾಲ್ವಿನ ದುರಸ್ತಿ ಕಿಟ್ ಕಳುಹಿಸುವವರು ಇನ್‌ವಾಯ್ಸಿನಲ್ಲಿ ‘ಸ್ಟಿಯರಿಂಗ್ ಭಾಗ’ ಎಂದಷ್ಟೇ ಬರೆದು ಬಿಡದೆ, ಕಿಟ್‌ನಲ್ಲಿ ಏನೇನಿದೆ ಎಂಬುದನ್ನು ವಸ್ತುವಾರು ನಮೂದಿಸಿ, ವರ್ಗೀಕರಣವನ್ನು ತಮ್ಮ ಕಸ್ಟಮ್ಸ್ ಏಜೆಂಟರಿಂದ ಮೊದಲೇ ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.